ಹಾಲುಣ್ಣದ ಎಳೆಮರಿಯ ಆರೈಕೆ



ಈಗತಾನೆ ಹುಟ್ಟಿದ ಕುರಿಮರಿಯು ತಲೆ ಜೋಲಿಸಿ ಬಿದ್ದಿರುವಾಗ ಹಟ್ಟಿಯವರ ಬಾಯಿಂದ ಬರುವ ಮೊದಲನೆಯ ಮಾತು, “ಮರಿ ಮೊಲೆ ಒಲ್ಲದು” ಎಂಬದು. ಈ ಮಾತಿನೊಳಗೆ ಒಂದು ತಪ್ಪು ತಿಳಿವಳಿಕೆಯು ಅಡಗಿರುವದು. ಒಲ್ಲೆನೆನ್ನುವದಕ್ಕೆ ಇಚ್ಛೆಯು ಬೇಕು. ಎರಡು ತಾಸಿನ ಹಿಂದೆ ನೆಲಕ್ಕೆ ಬಿದ್ದ ಜೀವಕ್ಕೆ ಹಸಿವೆಯ ಹೊರತು ಬೇರೆ ಇಚ್ಛೆಯೆಲ್ಲಿಯದು? ಅದು ಉಣ್ಣಲಾರದ ಮರಿಯಾಗಿರುತ್ತದೆ. ಏಕೆ ಉಣ್ಣಲಾರದು ಎಂಬದನ್ನು ಅರಿಯದೆ ಬಾಯಿಗೆ ಹಾಲು ಸುರಿದವನು ಎಷ್ಟೋ ಸಲ ಆ ಹಾಲಿನಿಂದಲೇ ಅದನ್ನು ಕೊಂದಿರುತ್ತಾನೆ.

ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ಬಯಲಿನಲ್ಲಿ ಡೆಕ್ಕನಿ ಕುರಿಯನ್ನೂ, ಕೊಪ್ಪಳ ರಾಯಚೂರುಗಳ ಕಡೆಗೆ ಕೆಂಗುರಿಯನ್ನೂ ಸಾಕುವ ಕುರುಬರಿಗೆ ಈ ದುಃಖವು ಹೊಸದಲ್ಲ. ಹಿಂಡು ಊರಿಂದೂರಿಗೆ ಸಾಗುತ್ತಿರುವಾಗ, ಯಾರದೋ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿದ ರಾತ್ರಿ, ಮಾಗಿಯ ಗಾಳಿಯಲ್ಲಿ ಕುರಿಯು ಈಯುವದು. ತಲೆಯ ಮೇಲೆ ಸೂರಿಲ್ಲ, ಸಮೀಪದಲ್ಲಿ ದನದ ಆಸ್ಪತ್ರೆಯಿಲ್ಲ. ನಾಲ್ಕೇ ಕುರಿ ಕಟ್ಟಿಕೊಂಡು ಮಕ್ಕಳನ್ನು ಸಲಹುವ ಬಡ ಹೆಣ್ಣುಮಗಳಿಗೆ ಒಂದು ಮರಿಯೆಂದರೆ ಐದು ತಿಂಗಳು ಬಸುರಿ ಕುರಿಯನ್ನು ಮೇಯಿಸಿದ ದುಡಿಮೆಯ ಫಲವು. ಕುರಿಯ ಹಿಕ್ಕೆಯನ್ನೇ ಲಿಂಗವೆಂದು ನಂಬಿ ಪೂಜಿಸಿದ ಗೊಲ್ಲಾಳೇಶ್ವರನ ಕಥೆಯನ್ನು ಭಕ್ತಿಯಿಂದ ಕೇಳುವ ಜನರ ನಡುವೆ, ಕುರಿಯ ಮರಿಯೊಂದರ ಪ್ರಾಣದ ವಿಷಯವು ಸಭೆಗೆ ಹಗುರವಾಗಿ ತೋರಲಾರದು.

ಸ್ವಸ್ಥವಾದ ಮರಿಯು ಹುಟ್ಟಿದ ಅರ್ಧ ತಾಸಿನೊಳಗಾಗಿ ಎದ್ದು ನಿಲ್ಲುವದು. ಒಂದು ತಾಸು, ಹೆಚ್ಚೆಂದರೆ ಎರಡು ತಾಸಿನೊಳಗೆ ತಾಯಿಯ ಕೆಚ್ಚಲನ್ನು ಹುಡುಕಿ ಮೊಲೆಗೆ ಬಾಯಿ ಹಾಕುವದು. ಅಷ್ಟು ಹೊತ್ತು ಕಳೆದರೂ ನಾಲ್ಕು ಕಾಲುಗಳನ್ನು ಒತ್ತಟ್ಟಿಗೆ ಕೂಡಿಸಿ, ಬೆನ್ನು ಬಾಗಿಸಿ, ಬತ್ತಿದ ಹೊಟ್ಟೆಯಿಂದ ನಿಂತಿದ್ದರೆ ಅಥವಾ ಏಳದೆ ಮಲಗಿದ್ದರೆ ಅದನ್ನು ಕೈಗೆತ್ತಿಕೊಳ್ಳಬೇಕು. ಆಗ ಹಾಲಿನ ಪಾತ್ರೆಯನ್ನು ಹುಡುಕುವದಕ್ಕಿಂತ ಮೊದಲು ತೊಳೆದ ಕಿರುಬೆರಳನ್ನು ಮರಿಯ ಬಾಯಲ್ಲಿಟ್ಟು ನೋಡತಕ್ಕದ್ದು. ಬಾಯಿ ಬೆಚ್ಚಗಿದ್ದು ಬೆರಳನ್ನು ಚೀಪಿದರೆ ಮರಿಯಲ್ಲಿ ಕಸುವಿದೆ. ಕೊರತೆಯು ಬಹುಶಃ ತಾಯಿಯ ಕಡೆಗೆ ಇರುವದು. ಬಾಯಿ ತಣ್ಣಗಿದ್ದು ನಾಲಗೆಯು ಅಲುಗದಿದ್ದರೆ ಅದಕ್ಕೆ ಚಳಿಯು ಹತ್ತಿದೆ.

ಬೆರಳು ಹೇಳಿದ್ದನ್ನು ಉಷ್ಣಮಾಪಕವು ಖಚಿತಪಡಿಸುವದು. ಎಳೆಮರಿಯ ಸಹಜವಾದ ಮೈಬಿಸಿಯು ಗುದದಲ್ಲಿಟ್ಟು ನೋಡಿದಾಗ 102ರಿಂದ 104 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಮನುಷ್ಯನಿಗೆ ಜ್ವರವೆನ್ನುವಷ್ಟು ಬಿಸಿಯೇ ಮರಿಗೆ ಆರೋಗ್ಯ. ಆದುದರಿಂದ ಅಂಗೈಗೆ “ಬೆಚ್ಚಗೇ ಇದೆ” ಎಂದು ತೋರಿದ ಮರಿಯು ಒಳಗೆ ಆರುತ್ತಿರಬಹುದು. 102ಕ್ಕೆ ಇಳಿದರೆ ಎಚ್ಚರ. 99ಕ್ಕೂ ಕೆಳಗೆ ಇಳಿದರೆ ಪ್ರಾಣಾಪಾಯ. ಹತ್ತಿಪ್ಪತ್ತು ಕುರಿಗಳಿದ್ದವರು ಒಂದು ಉಷ್ಣಮಾಪಕವನ್ನು ಕಂಬಳಿಯ ಮಡಿಕೆಯಲ್ಲಿ ಇಟ್ಟುಕೊಳ್ಳುವದು ಯಾವ ಔಷಧಿಯನ್ನು ಇಟ್ಟುಕೊಳ್ಳುವದಕ್ಕಿಂತಲೂ ಹೆಚ್ಚು ಉಪಯುಕ್ತವು.

ಇಲ್ಲಿಂದ ಮುಂದೆ ಮರಿಯ ವಯಸ್ಸನ್ನು ತಾಸಿನ ಲೆಕ್ಕದಲ್ಲಿ ತಿಳಿಯಬೇಕಾಗುತ್ತದೆ. ಪರಮಾತ್ಮನು ಮರಿಯನ್ನು ಬರಿಗೈಯಲ್ಲಿ ಕಳುಹಿಸುವದಿಲ್ಲ; ಮೂತ್ರಪಿಂಡಗಳ ಸುತ್ತಲೂ ಮತ್ತಿತರ ಕಡೆಗಳಲ್ಲಿಯೂ ಕಂದುಬಣ್ಣದ ಒಂದು ಬಗೆಯ ಕೊಬ್ಬನ್ನು ಬುತ್ತಿಯಾಗಿ ಕಟ್ಟಿ ಕಳುಹಿಸಿರುತ್ತಾನೆ. ಅದನ್ನು ಉರಿಸಿಕೊಂಡು ಮರಿಯು ತನ್ನ ಮೈಯನ್ನು ಬಿಸಿಯಾಗಿ ಇಟ್ಟುಕೊಳ್ಳುವದು. ಹಾಲು ಸಿಕ್ಕದಿದ್ದರೆ ಈ ಬುತ್ತಿಯು ಸುಮಾರು ಐದು ತಾಸುಗಳಲ್ಲಿ ಮುಗಿಯುತ್ತ ಬರುವದು. 1980ರ ದಶಕದಲ್ಲಿ ಸ್ಕಾಟ್ಲಂಡದ ಮೋರ್‌ಡನ್ ಸಂಶೋಧನ ಸಂಸ್ಥೆಯ ಈಲ್ಸ್ ಮೊದಲಾದ ಪಶುವಿಜ್ಞಾನಿಗಳು ಈ ಭೇದವನ್ನು ಸ್ಪಷ್ಟಪಡಿಸಿ, ಅದಕ್ಕೆ ತಕ್ಕ ಚಿಕಿತ್ಸಾಕ್ರಮವನ್ನು ಬಳಕೆಗೆ ತಂದರು. ಹುಟ್ಟಿ ಐದು ತಾಸು ಆಗಿಲ್ಲದ ಮರಿಯು ಒದ್ದೆಯಿಂದ ತಣ್ಣಗಾಗಿರುತ್ತದೆ. ಅದನ್ನು ಒರಸಿ ಕಾವು ಕೊಟ್ಟು ಅನಂತರ ಹಾಲು ಕೊಟ್ಟರೆ ಸಾಕು. ಐದು ತಾಸು ಮೀರಿ 99ರ ಕೆಳಗೆ ಇಳಿದ ಮರಿಯಾದರೋ ಹಸಿವೆಯಿಂದ ತಣ್ಣಗಾದದ್ದು. ಅದರ ರಕ್ತದಲ್ಲಿ ಸಕ್ಕರೆಯೇ ಉಳಿದಿರುವದಿಲ್ಲ. ಅದನ್ನು ಹಾಗೆಯೇ ಬೆಂಕಿಯ ಮಗ್ಗುಲಲ್ಲಿಟ್ಟು ಕಾಯಿಸಿದರೆ ಮೈ ಬಿಸಿಯೇರಿದಂತೆ ಮಿದುಳು ಸಕ್ಕರೆಯನ್ನು ಬೇಡುವದು. ಅದು ಸಿಕ್ಕದೆ ಮರಿಯು ಸೆಟೆದು, ಕಾಲು ಬಡಿದು ಸಾಯುವದು. “ಬೆಚ್ಚಗಾದ ಮೇಲೆ ಸತ್ತಿತು, ದೃಷ್ಟಿ ತಾಕಿತು” ಎಂದು ಹಟ್ಟಿಯಲ್ಲಿ ಅಳುವ ಎಷ್ಟೋ ಮರಣಗಳ ಗುಟ್ಟು ಇದೇ ಆಗಿರಬೇಕು.

ಇಂಥ ಮರಿಯು ಇನ್ನೂ ತಲೆಯೆತ್ತಿ ನುಂಗಬಲ್ಲುದಾದರೆ ಮೊದಲು ಹಾಲು, ಆಮೇಲೆ ಕಾವು. ತಲೆಯೆತ್ತಲಾರದಾದರೆ ಬಾಯಿಂದ ಏನನ್ನೂ ಕೊಡಲಾಗದು. ಶೇಕಡಾ 20ರ ಗ್ಲೂಕೋಸ್ ದ್ರವವನ್ನು ಮೈಬಿಸಿಗೆ ತಂದು, ಮರಿಯ ತೂಕದ ಪ್ರತಿ ಕಿಲೋಗ್ರಾಮಿಗೆ 10 ಮಿಲಿಲೀಟರಿನಂತೆ, ಸೂಜಿಯಿಂದ ಹೊಟ್ಟೆಯ ಪೊಳ್ಳಿಗೆ ಹಾಕಿ, ಅದಾದ ಮೇಲೆಯೇ ಕಾವು ಕೊಡಬೇಕು. ಇದು ಪಶುವೈದ್ಯನ ಕೈಯ ಕೆಲಸ, ಅಥವಾ ಅವನಿಂದ ಕಲಿತವನದು.

ಕಾವು ಕೊಡುವ ಬಗೆಯು ಕುರುಬನಿಗೆ ಹೇಳಿಕೊಡಬೇಕಾದದ್ದಲ್ಲ. ಒಣಗಿದ ಗೋಣಿತಟ್ಟಿನಿಂದ ಚೆನ್ನಾಗಿ ಒರಸಿ, ಕಂಬಳಿಯಲ್ಲಿ ಸುತ್ತಿ, ಬಿಸಿನೀರು ತುಂಬಿದ ಸೀಸೆಗಳಿಗೆ ಅರಿವೆ ಸುತ್ತಿ ಎರಡೂ ಪಕ್ಕಗಳಲ್ಲಿಟ್ಟು, ಬುಟ್ಟಿಯೊಳಗೆ ಮಲಗಿಸಿದರಾಯಿತು. ಕೆಂಡದ ಬೋಗುಣಿಯನ್ನು ಮುಚ್ಚಿದ ಗುಡಿಸಲೊಳಗೆ ಇಡಬಾರದು; ಅದರ ಹೊಗೆಯು ಮರಿಗೂ ಮನುಷ್ಯನಿಗೂ ವಿಷ. ಮೈಬಿಸಿಯು 99ನ್ನು ದಾಟುವ ವರೆಗೆ ಅರ್ಧ ಅರ್ಧ ತಾಸಿಗೆ ನೋಡುತ್ತಿರಬೇಕು.

ಗೊಟ್ಟದ ವಿಷಯವನ್ನು ಮಾತ್ರ ಬಿಗಿಯಾಗಿ ಹೇಳಲೇಬೇಕಾಗಿದೆ. ಎತ್ತಿಗೆ ಔಷಧಿ ಹಾಕುವ ಬಿದಿರಿನ ಗೊಟ್ಟದ ರೂಢಿಯಿಂದ ಎಳೆಮರಿಯ ತಲೆಯನ್ನು ಹಿಂದಕ್ಕೆ ಬಗ್ಗಿಸಿ ಒಳಲೆಯಿಂದಲೋ ಚಮಚದಿಂದಲೋ ಹಾಲು ಹೊಯ್ಯುವವರುಂಟು. ಚೀಪಲಾರದ ಮರಿಗೆ ನುಂಗುವ ಶಕ್ತಿಯೂ ಇರುವದಿಲ್ಲ. ಹಾಲು ಉಸಿರಿನ ಕೊಳವೆಗೆ ಇಳಿದು, ಒಂದೆರಡು ದಿನಗಳಲ್ಲಿ ಪುಪ್ಪುಸವು ಬಾತು ಮರಿಯು ಸಾಯುವದು. ಇದಕ್ಕೆ ತಕ್ಕ ಸಾಧನವು ಮೃದುವಾದ ಸಣ್ಣ ರಬ್ಬರು ನಳಿಕೆ. ಮರಿಯ ಮೂಗಿನ ತುದಿಯಿಂದ ಕೊನೆಯ ಪಕ್ಕೆಲುಬಿನ ವರೆಗೆ ನಳಿಕೆಯನ್ನು ಹಿಡಿದು ಅಳತೆಗೆ ಗುರುತು ಮಾಡಿಕೊಂಡು, ಮರಿಯನ್ನು ತೊಡೆಯ ಮೇಲೆ ಕೂಡಿಸಿ, ಬಾಯ ಬದಿಯಿಂದ ಮೆಲ್ಲಗೆ ಒಳಕ್ಕೆ ಬಿಡಬೇಕು. ಒಳಗಿಳಿಯುವಾಗ ಮರಿಯು ನುಂಗುತ್ತಿರುವದು ಕಾಣಬೇಕು. ಕೆಮ್ಮಿ ಒದ್ದಾಡಿದರೆ ಕೂಡಲೆ ಹೊರಗೆಳೆದು ಮತ್ತೆ ಯತ್ನಿಸತಕ್ಕದ್ದು. ಗುರುತಿನ ವರೆಗೆ ಇಳಿದ ಮೇಲೆ ತುದಿಗೆ ಪಿಚಕಾರಿಯ ಬುರುಡೆಯನ್ನು ಸಿಕ್ಕಿಸಿ, ಹಾಲು ತನ್ನ ಭಾರದಿಂದ ತಾನೇ ಇಳಿಯುವಂತೆ ಎತ್ತಿ ಹಿಡಿಯಬೇಕು, ಒತ್ತಿ ನೂಕಬಾರದು. ಒಮ್ಮೆ ಬಲ್ಲವರ ಮುಂದೆ ಮಾಡಿ ಕಲಿತರೆ ಹನ್ನೆರಡು ವರ್ಷದ ಹುಡುಗಿಯೂ ಇದನ್ನು ಮಾಡಬಲ್ಲಳು.

ಕೊಡಬೇಕಾದ ಹಾಲು ಗಿಣ್ಣುಹಾಲೇ ಆಗಿರಬೇಕು. ಕುರಿಯ ಗರ್ಭದಲ್ಲಿ ತಾಯಿಯ ರೋಗನಿರೋಧಕ ಶಕ್ತಿಯು ಮರಿಗೆ ಇಳಿಯುವದಿಲ್ಲ. ಅದೆಲ್ಲವೂ ಗಿಣ್ಣಿನ ಮುಖಾಂತರವೇ ಬರಬೇಕು. ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಮೊದಲಿನ ಕೆಲವು ತಾಸು ಅಗಲವಾಗಿ ತೆರೆದಿದ್ದು, ಸುಮಾರು 24 ತಾಸಿಗೆ ಮುಚ್ಚಿಕೊಳ್ಳುವದು. ಗಿಣ್ಣು ದಪ್ಪ, ಮರಿಗೆ ಅರಗದು ಎಂದು ಹಿಂಡಿ ಚೆಲ್ಲುವವರು ಮರಿಯ ಆಯುಷ್ಯವನ್ನೇ ಚೆಲ್ಲುತ್ತಾರೆ. ಒಂದು ಸಲಕ್ಕೆ ತೂಕದ ಪ್ರತಿ ಕಿಲೋಗ್ರಾಮಿಗೆ 50 ಮಿಲಿಲೀಟರು, ಮೊದಲನೆಯ ದಿನ ಒಟ್ಟಿನಲ್ಲಿ 200; ಎರಡೂವರೆ ಕಿಲೋ ತೂಗುವ ಮರಿಗೆ ಒಂದು ಸಲಕ್ಕೆ 125ರಂತೆ ನಾಲ್ಕು ಸಲ. ತಾಯಿಯಲ್ಲಿ ಗಿಣ್ಣಿಲ್ಲದಿದ್ದರೆ ಅದೇ ದಿನ ಈದ ಬೇರೆ ಕುರಿಯದು ಅಥವಾ ಮೇಕೆಯದು ಆಗಬಹುದು. ಆಕಳ ಗಿಣ್ಣೂ ಆದೀತು. ಕೆಲವು ಆಕಳುಗಳ ಗಿಣ್ಣಿನಿಂದ ಮರಿಯ ರಕ್ತವು ಕ್ಷೀಣಿಸುವದು ಅಪೂರ್ವವಾಗಿ ಕಂಡುಬಂದಿರುವದರಿಂದ, ಎರಡು ಮೂರು ಆಕಳುಗಳ ಗಿಣ್ಣನ್ನು ಕೂಡಿಸಿ ಕೊಡುವದು ಲೇಸು. ಗಿಣ್ಣನ್ನು ಒಲೆಯ ಮೇಲೆ ಕುದಿಸಬಾರದು. ಬೆಲ್ಲ ಹಾಕಿ ಕಾಸಿದರೆ ಗಟ್ಟಿಯಾಗಿ ಮಕ್ಕಳ ಬಾಯಿಗೆ ರುಚಿಯಾಗುವ ಪದಾರ್ಥವೇ ಅದು. ಮರಿಯ ಪಾಲಿಗೆ ಹಾಗೆ ಗಟ್ಟಿಯಾದ ಗಿಣ್ಣಿನ ಗುಣವೆಲ್ಲ ಹೋದಂತೆಯೇ. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲನ್ನಿಟ್ಟು ಬೆಚ್ಚಗೆ ಮಾಡಿದರೆ ಸಾಕು.

ಬೆರಳನ್ನು ಚೀಪುತ್ತಿದ್ದರೂ ಮೊಲೆಯನ್ನು ಹಿಡಿಯದ ಮರಿಯಿದ್ದಲ್ಲಿ ತಾಯಿಯ ಕೆಚ್ಚಲನ್ನು ಮುಟ್ಟಿ ನೋಡಬೇಕು. ಮೊಲೆಯ ತೂತಿಗೆ ಮೇಣದಂಥ ಬೆಣೆಯು ಕೂತಿರಬಹುದು. ಒಂದೆರಡು ಧಾರೆ ಹಿಂಡಿದರೆ ಅದು ಬಿಡುವದು. ಕೆಚ್ಚಲುಬಾವು ಬಂದು ತಾಯಿಯು ನೋವಿನಿಂದ ಒದೆಯುತ್ತಿರಬಹುದು. ಅವಳಿಯಾದರೆ ಬಲವಾದದ್ದು ಬಡವಾದದ್ದನ್ನು ನೂಕಿ ತಾನೇ ಕುಡಿಯುವದು. ಫಲ್ಟಣದ ನಿಂಬಕರ ಕೃಷಿ ಸಂಶೋಧನ ಸಂಸ್ಥೆಯಲ್ಲಿ ಬಂಗಾಳದ ಗಾರೋಲ್ ಕುರಿಯ ರಕ್ತ ಬೆರೆಸಿ ಸಿದ್ಧಪಡಿಸಿದ ನಾರಿ ಸುವರ್ಣವೆಂಬ ತಳಿಯು ಕರ್ನಾಟಕದ ಹಟ್ಟಿಗಳಿಗೂ ಬಂದಿದ್ದು, ಅವಳಿ ಹೆಚ್ಚಾಗಿ ಹುಟ್ಟುತ್ತಿವೆ. ಅವಳಿಯೆಂದರೆ ಲಾಭವೇ ಹೌದು. ಆದರೆ ಮರಿಗಳು ಚಿಕ್ಕವು, ಬೇಗನೆ ತಣ್ಣಗಾಗತಕ್ಕವು. ಗರ್ಭದ ಕೊನೆಯ ಆರು ವಾರಗಳಲ್ಲಿಯೇ ಮರಿಯ ತೂಕದ ಮುಕ್ಕಾಲು ಭಾಗದಷ್ಟು ಬೆಳೆಯುವದರಿಂದ, ಆಗ ತಾಯಿಗೆ ಒಂದು ಹಿಡಿ ಕಾಳು ಹೆಚ್ಚು ಹಾಕದವನು ಎರಡು ಮರಿಗಳ ಆಸೆ ಪಡುವದು ವ್ಯರ್ಥ.

ಕಾವು ಪಡೆದು ಉಂಡು ಎದ್ದ ಮರಿಯನ್ನು ಆದಷ್ಟು ಬೇಗನೆ ತಾಯಿಯ ಬಳಿಗೆ ಬಿಡಬೇಕು. ಕುರಿಯು ತನ್ನ ಮರಿಯನ್ನು ವಾಸನೆಯಿಂದ ಗುರುತಿಸುವದು. ಹೆಚ್ಚು ಹೊತ್ತು ಅಗಲಿದ್ದರೆ ಹಾಯ್ದು ನೂಕುವದು. ತಾಯಿಯು ಸತ್ತಿದ್ದು, ಬೇರೊಂದು ಕುರಿಯ ಮರಿಯು ಅದೇ ದಿನ ಸತ್ತಿದ್ದರೆ, ಸತ್ತ ಮರಿಯ ತೊಗಲನ್ನು ಸುಲಿದು ತಬ್ಬಲಿಯ ಮೈಗೆ ಅಂಗಿಯಂತೆ ತೊಡಿಸುವ ಉಪಾಯವುಂಟು. ಕುರಿಯು ಬಾಲದ ಬುಡವನ್ನು ಮೂಸಿ, ತನ್ನದೆಂದು ನಂಬಿ ಮೊಲೆ ಕೊಡುವದು. ಮೊದಲನೆಯ ರಾತ್ರಿ ಯಾರಾದರೊಬ್ಬರು ಕಂದೀಲು ಹಿಡಿದು ಬಳಿಯಲ್ಲಿ ಕೂತಿರಬೇಕು. ಎರಡು ಮೂರು ದಿನಗಳಲ್ಲಿ ಹಾಲಿನ ವಾಸನೆಯು ಮರಿಯ ಮೈಗೆ ಹತ್ತಿದ ಬಳಿಕ ತೊಗಲನ್ನು ತೆಗೆದುಬಿಡಬಹುದು.