ಬಡಾವಣೆಗೊಂದು ಕಲಾಮಂದಿರ

ಬೆಂಗಳೂರಿನ ಪೂರ್ವಭಾಗದಲ್ಲಿರುವ ಸಿ.ವಿ. ರಾಮನ್ ನಗರವನ್ನು ನೀವು ನೋಡಿರಬಹುದು. ನೋಡದಿದ್ದರೂ ಹೆಸರನ್ನಂತೂ ಕೇಳಿರುತ್ತೀರಿ. ಆ ಹೆಸರು ಕಿವಿಗೆ ಬಿದ್ದೊಡನೆ ನಮಗೆ ನೆನಪಾಗುವುದು ಬೆಳಕು. ಬೆಳಕಿನ ಚದುರುವಿಕೆಯನ್ನು ಕುರಿತ ಸಂಶೋಧನೆಗಾಗಿ 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಮಹಾವಿಜ್ಞಾನಿ ರಾಮನ್. ಆದರೆ ಅವರಿಗೆ ಬೆಳಕಿನ ಹಾಗೆಯೇ ನಾದವೂ ಪ್ರಿಯವಾಗಿತ್ತೆಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಪಿಟೀಲು, ವೀಣೆ, ತಂಬೂರಿ, ಮೃದಂಗ, ತಬಲ ಇವುಗಳ ನಾದದ ಗುಟ್ಟನ್ನು ಹುಡುಕುವುದರಲ್ಲಿ ಅವರು ಹಲವು ವರ್ಷಗಳನ್ನು ಕಳೆದವರು.

1920ರಲ್ಲಿ ಅವರೂ ಅವರ ಸಹಾಯಕರೊಬ್ಬರೂ ಕೂಡಿ ನಮ್ಮ ತಾಳವಾದ್ಯಗಳನ್ನು ಕುರಿತು 'ನೇಚರ್' ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಅದರ ಸಾರಾಂಶ ಇಷ್ಟು: ಬರಿಯ ಚರ್ಮವನ್ನು ಬಿಗಿದು ಬಡಿದರೆ, ಮೂಲಸ್ವರದ ಜೊತೆಗೆ ಏಳುವ ಮೇಲುಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಕೇಳುವವರಿಗೆ ಅದು ಸದ್ದು, ಸ್ವರವಲ್ಲ. ಮೃದಂಗದ ಬಲಮುಖದ ನಡುವೆ ಕರಿಯ ಕರಣೆ ಇದೆಯಲ್ಲ, ಅದರ ಭಾರದಿಂದ ಈ ಮೇಲುಸ್ವರಗಳು ಒಂದು ಲೆಕ್ಕಕ್ಕೆ ಬರುತ್ತವೆ. ಒಂದಕ್ಕೊಂದು ಸೇರಿ ನಾದವಾಗುತ್ತವೆ. ಈ ಕರಣೆಯನ್ನು ಒಂದೇ ಸಲಕ್ಕೆ ಮೆತ್ತಲು ಬರುವುದಿಲ್ಲ. ಮೃದಂಗ ಮಾಡುವವರು ಅನ್ನವನ್ನೂ ಕಲ್ಲಿನ ಕಪ್ಪು ಪುಡಿಯನ್ನೂ ಕೂಡಿಸಿ ಅರೆದು, ಸ್ವಲ್ಪ ಸ್ವಲ್ಪವಾಗಿ ಹಚ್ಚಿ, ನುಣುಪುಗಲ್ಲಿನಿಂದ ಉಜ್ಜಿ, ಪದರದ ಮೇಲೆ ಪದರವಾಗಿ ಕೂಡಿಸುತ್ತಾರೆ.

ಈ ಮಾತನ್ನು ಇಲ್ಲಿ ಏಕೆ ತಂದೆನೆಂದು ನೀವು ಕೇಳಬಹುದು. ಒಂದು ಬಡಾವಣೆಯೂ ಬಿಗಿದ ಚರ್ಮದಂತೆಯೇ. ಜನವಿದ್ದಾರೆ, ಬದುಕಿನ ಬಿಗಿಯಿದೆ, ಸದ್ದಂತೂ ಬೇಕಾದಷ್ಟಿದೆ. ಆದರೆ ನಡುವೆ ಕರಣೆಯಿಲ್ಲದಿದ್ದರೆ ಅಷ್ಟು ಜನರ ಬಾಳು ಒಂದು ನಾದವಾಗುವುದಿಲ್ಲ. ಹಾಡು, ಕುಣಿತ, ನಾಟಕ, ಚಿತ್ರ ಇವುಗಳಿಗಾಗಿ ನೆರೆಹೊರೆಯವರು ಬಂದು ಸೇರುವ ಒಂದು ಮನೆ, ಅಂದರೆ ಬಡಾವಣೆಯ ಕಲಾಮಂದಿರ, ಈ ಕರಣೆಯ ಕೆಲಸವನ್ನು ಮಾಡಬಲ್ಲದು ಎಂಬುದೇ ಈ ಭಾಷಣದಲ್ಲಿ ನಾನು ಹೇಳಬೇಕೆಂದಿರುವ ಮಾತು.

ಮೊದಲು ಈ ಬಡಾವಣೆಯ ಜನರನ್ನು ನೋಡೋಣ. ಇಲ್ಲಿ ಮೂರು ಪದರಗಳಿವೆ. ಎಲ್ಲಕ್ಕೂ ಕೆಳಗಿನದು ಹಳೆಯ ಹಳ್ಳಿಗಳದು: ಕಗ್ಗದಾಸಪುರ, ಬೈರಸಂದ್ರ, ನಾಗವಾರಪಾಳ್ಯ, ಮಲ್ಲೇಶಪಾಳ್ಯ, ತಿಪ್ಪಸಂದ್ರ. ಕೆರೆ, ಗ್ರಾಮದೇವತೆ, ಹೊಲಗದ್ದೆಗಳಿದ್ದ ಊರುಗಳಿವು. ಅದರ ಮೇಲಿನದು ಕಾರ್ಖಾನೆಗಳ, ಪ್ರಯೋಗಶಾಲೆಗಳ ಪದರ. ಈ ದಿಕ್ಕಿನಲ್ಲಿ 1940ರಲ್ಲಿ ವಿಮಾನ ಕಾರ್ಖಾನೆ ಬಂದಿತು, 1948ರಲ್ಲಿ ದೂರವಾಣಿ ಕಾರ್ಖಾನೆ ಬಂದಿತು. ಅನಂತರ ರೇಡಾರ್ ಮತ್ತು ವಿಮಾನದ ಇಂಜಿನುಗಳ ಮೇಲೆ ಕೆಲಸಮಾಡುವ ರಕ್ಷಣಾ ಸಂಶೋಧನಾಲಯಗಳು ಇಲ್ಲಿಯೇ ನೆಲೆಸಿದವು. ಮೂರನೆಯದು ಮಾಹಿತಿ ತಂತ್ರಜ್ಞಾನದವರ ಪದರ. ಬಾಗ್ಮನೆ ಟೆಕ್ ಪಾರ್ಕಿಗೆ ದಿನವೂ ಬಂದುಹೋಗುವ, ಅದರ ಸುತ್ತಲಿನ ಫ್ಲಾಟುಗಳಲ್ಲಿ ವಾಸಮಾಡುವ, ದೇಶದ ಎಲ್ಲ ಮೂಲೆಗಳಿಂದ ಬಂದ ತರುಣ ತರುಣಿಯರು ಇವರು.

ಕೆಳಗಿನ ಎರಡು ಪದರಗಳಿಗೂ ತಮ್ಮದೇ ಆದ ಕಲೆ ಇತ್ತು. ಬೆಂಗಳೂರಿನ ಸುತ್ತಣ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ನಾಟಕವನ್ನು ಕಟ್ಟುವ ರೀತಿಯನ್ನು ಬಲ್ಲವರು ಬಲ್ಲರು. ಹಾರ್ಮೋನಿಯಂ ಹಿಡಿದು ಡ್ರಾಮಾ ಮೇಷ್ಟ್ರು ಬರುತ್ತಾರೆ. ಉಳುವವನು, ಹಾಲು ಕರೆಯುವವನು, ಅಂಗಡಿಯವನು ಸಂಜೆ ಸೇರಿ ತಿಂಗಳುಗಟ್ಟಲೆ ಕಂದಪದ್ಯಗಳನ್ನು ಕಲಿಯುತ್ತಾರೆ. ಅಲ್ಲಿ ಪಾತ್ರಧಾರಿಗೆ ಸಂಬಳವಿಲ್ಲ. ಅವನೇ ಹಣ ಕೊಟ್ಟು ಪಾತ್ರವನ್ನು ಪಡೆಯುತ್ತಾನೆ! ದುರ್ಯೋಧನನಾಗಬೇಕಾದರೆ ಸೈನಿಕನಿಗಿಂತ ಹೆಚ್ಚು ತೆರಬೇಕು. ತಾನು ಒಂದು ರಾತ್ರಿ ದೊರೆಯಾಗಿ ಊರ ಮುಂದೆ ನಿಲ್ಲುವುದಕ್ಕೆ ಬಡವನೊಬ್ಬ ತನ್ನ ಗಳಿಕೆಯನ್ನು ಸುರಿಯುತ್ತಾನೆಂದರೆ, ಕಲೆ ಹೊಟ್ಟೆ ತುಂಬಿದವರ ಸೊತ್ತೆಂಬ ಮಾತಿಗೆ ಬೇರೆ ಉತ್ತರ ಬೇಕೆ?

ಕಾರ್ಖಾನೆಗಳವರೂ ಹಿಂದೆ ಬೀಳಲಿಲ್ಲ. ಪಾಳಿ ಮುಗಿಸಿಕೊಂಡು ಬಂದ ಕಾರ್ಮಿಕರು ಕನ್ನಡ ಸಂಘಗಳನ್ನು, ಲಲಿತಕಲಾ ಸಂಘಗಳನ್ನು ಕಟ್ಟಿದರು, ರಾಜ್ಯೋತ್ಸವ ನಡೆಸಿದರು, ನಾಟಕ ಆಡಿದರು. ಮೂರನೆಯ ಪದರದವರಿಗೆ ಕಲೆಯಲ್ಲಿ ಆಸಕ್ತಿಯಿಲ್ಲವೆಂದಲ್ಲ. ಅವರು ಮಕ್ಕಳನ್ನು ಭರತನಾಟ್ಯಕ್ಕೋ ಕೀಬೋರ್ಡಿಗೋ ಕಳುಹಿಸುತ್ತಾರೆ, ಶುಲ್ಕ ಕಟ್ಟುತ್ತಾರೆ, ತರಗತಿ ಮುಗಿದೊಡನೆ ಕರೆದುಕೊಂಡು ಹೋಗುತ್ತಾರೆ. ಕೊರತೆ ಇರುವುದು ಕಲೆಯಲ್ಲಲ್ಲ, ಕೂಡುವ ಜಾಗದಲ್ಲಿ. ಹಳ್ಳಿಯ ತಮಟೆ ಫ್ಲಾಟಿನವರಿಗೆ ಗಲಾಟೆಯಾಗಿ ಕೇಳಿಸುತ್ತದೆ; ಫ್ಲಾಟಿನ ಸಂಗೀತ ಹಳ್ಳಿಯವರಿಗೆ ಕೇಳಿಸುವುದೇ ಇಲ್ಲ. ಒಂದೇ ಬೀದಿಯಲ್ಲಿ ಹತ್ತು ವರ್ಷವಿದ್ದವರು ಪರಸ್ಪರರ ಗೇಟನ್ನು ಬಲ್ಲರು, ಕಾರನ್ನು ಬಲ್ಲರು, ಹೆಸರನ್ನರಿಯರು.

ಹೀಗೆ ಎಲ್ಲೆಲ್ಲಿಂದಲೋ ಬಂದು ಸೇರಿದವರ ನೆರೆಯನ್ನು ಕಲೆ ಬೆಸೆಯಬಲ್ಲದೆ? ಬೆಸೆದ ನಿದರ್ಶನಗಳುಂಟು. ಅಮೆರಿಕದ ಶಿಕಾಗೋ ನಗರದಲ್ಲಿ 1889ರಲ್ಲಿ ಜೇನ್ ಆಡಮ್ಸ್ ಎಂಬ ಮಹಿಳೆ ತಮ್ಮ ಗೆಳತಿಯೊಡನೆ 'ಹಲ್ ಹೌಸ್' ಎಂಬ ಹಳೆಯ ಮನೆಯೊಂದನ್ನು ಹಿಡಿದರು. ಸುತ್ತಲೂ ಇಟಲಿ, ಜರ್ಮನಿ, ಗ್ರೀಸ್ ಮೊದಲಾದ ದೇಶಗಳಿಂದ ಕೂಲಿಗೆ ಬಂದ ಬಡಜನ. ಒಬ್ಬರ ಭಾಷೆ ಒಬ್ಬರಿಗೆ ತಿಳಿಯದು. ಆ ಮನೆಯಲ್ಲಿ ಚಿತ್ರಶಾಲೆ ಬಂದಿತು, 1893ರಲ್ಲಿ ಸಂಗೀತಶಾಲೆ ಬಂದಿತು, ನಾಟಕವೂ ಬಂದಿತು. ಮುಂದೆ ಜಗತ್ಪ್ರಸಿದ್ಧ ಕ್ಲಾರಿನೆಟ್ ವಾದಕನಾದ ಬೆನ್ನಿ ಗುಡ್‌ಮನ್ ಬಾಲಕನಾಗಿದ್ದಾಗ ಅಲ್ಲಿನ ಹುಡುಗರ ವಾದ್ಯವೃಂದದಲ್ಲಿ ನುಡಿಸಿದವನು. ರಾಮನ್ನರಿಗೆ ನೊಬೆಲ್ ಬಂದ ಮರುವರ್ಷ, 1931ರಲ್ಲಿ, ಜೇನ್ ಆಡಮ್ಸರಿಗೆ ಶಾಂತಿಯ ನೊಬೆಲ್ ಸಂದಿತು.

ಅಷ್ಟು ದೂರ ಏಕೆ? ನಮ್ಮ ಸಾಗರದ ಹತ್ತಿರದ ಹೆಗ್ಗೋಡನ್ನೇ ನೋಡಿ. ಅಡಿಕೆ ತೋಟಗಳ ನಡುವಿನ ಒಂದು ಸಣ್ಣ ಹಳ್ಳಿ. ಅಲ್ಲಿ 1949ರಲ್ಲಿ ಊರಿನ ಕೆಲವರು ಸೇರಿ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು ಕಟ್ಟಿದರು; ಅದೇ ನೀನಾಸಂ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರು ಆಗಿನ್ನೂ ಹದಿಹರೆಯದವರು. 1973ರಲ್ಲಿ ಅಲ್ಲಿ ಚಿತ್ರಸಮಾಜ ಹುಟ್ಟಿ, ದೇಶವಿದೇಶದ ಶ್ರೇಷ್ಠ ಚಲನಚಿತ್ರಗಳನ್ನು ಹಳ್ಳಿಗರು ಕುಳಿತು ನೋಡಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತುವ 'ತಿರುಗಾಟ'. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ. ಈ ಕೀರ್ತಿಗಿಂತ ಮುಖ್ಯವಾದದ್ದು ಇನ್ನೊಂದಿದೆ. ಹೆಗ್ಗೋಡಿನಲ್ಲಿ ಊರಿನವರೇ ನಟರು, ಊರಿನವರೇ ಪ್ರೇಕ್ಷಕರು, ಊರಿನವರೇ ಅತಿಥಿಗಳನ್ನು ಉಪಚರಿಸುವವರು. ಇಂದು ನೋಡಲು ಬಂದವನು ನಾಳೆ ಆಡಲು ಬರುತ್ತಾನೆ. ಕಲಾಮಂದಿರ ಊರಿಗೆ ಸೇರಿದ್ದೋ ಅಲ್ಲವೋ ಎಂದು ಅಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ತಿಳಿಯದು.

ಅದು ಹಳ್ಳಿಯ ಮಾತಾಯಿತು, ನಗರದಲ್ಲಿ ನಡೆಯುವುದೆ ಎನ್ನುವಿರಾದರೆ, ನಮ್ಮ ನಗರದಲ್ಲಿಯೇ ಜೆ.ಪಿ. ನಗರದ ರಂಗಶಂಕರವಿದೆ. 1990ರಲ್ಲಿ ತೀರಿಕೊಂಡ ಶಂಕರ್ ನಾಗ್ ಅವರ ನೆನಪಿಗಾಗಿ ಅರುಂಧತಿ ನಾಗ್ ಮತ್ತು ಸಂಗಡಿಗರು ಕಟ್ಟಿದ ಈ ರಂಗಮಂದಿರ 2004ರ ಅಕ್ಟೋಬರಿನಲ್ಲಿ ಬಾಗಿಲು ತೆರೆಯಿತು. ಆಟ ಮೊದಲಾದ ಮೇಲೆ ಯಾರೇ ಬಂದರೂ ಒಳಗೆ ಬಿಡುವುದಿಲ್ಲವೆಂಬ ಅಲ್ಲಿನ ಕಟ್ಟುನಿಟ್ಟು ಹೆಸರಾದದ್ದು. ಸಣ್ಣ ತಂಡಗಳಿಗೂ ಎಟುಕುವ ಬಾಡಿಗೆ, ಅಂಗಳದ ತಿಂಡಿಮನೆ, ಆಟ ಮುಗಿದ ಮೇಲೂ ಮುಗಿಯದ ಮಾತು - ಇವೆಲ್ಲ ಕೂಡಿ ಅದು ಬರಿಯ ಸಭಾಂಗಣವಾಗದೆ ಒಂದು ನೆರೆಯಾಯಿತು.

ಪೂರ್ವದ ದಿಕ್ಕಿನಲ್ಲಿಯೂ ಬಾಗಿಲುಗಳು ತೆರೆದಿವೆ. ವೈಟ್‌ಫೀಲ್ಡ್ ಕಡೆಯ ರಾಮಗೊಂಡನಹಳ್ಳಿಯಲ್ಲಿ 2011ರಲ್ಲಿ ಜಾಗೃತಿ ರಂಗಮಂದಿರ ಆರಂಭವಾಯಿತು. ದೊಮ್ಮಲೂರಿನಲ್ಲಿ 2019ರಲ್ಲಿ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರಿನ ಸ್ವಂತ ಕಟ್ಟಡ ಸಿದ್ಧವಾಯಿತು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಕಗ್ಗದಾಸಪುರದ ಓಣಿಯ ಹುಡುಗಿಯೊಬ್ಬಳು ಸಂಜೆ ಆರಕ್ಕೆ ಹೊರಟು, ಈ ವಾಹನಸಂದಣಿಯನ್ನು ದಾಟಿ ಹೋಗಿ, ರಾತ್ರಿ ಒಬ್ಬಳೇ ಹಿಂತಿರುಗುವುದು ಸಾಧ್ಯವೆ? ಅವಳಿಗೆ ಬೇಕಾದದ್ದು ನಡೆದು ಹೋಗುವಷ್ಟು ದೂರದಲ್ಲಿರುವ, ಅಮ್ಮನಿಗೆ ಹೇಳಿ ಹೋಗಬಹುದಾದ ಒಂದು ಮನೆ.

ಅಂಥ ಮನೆಯೊಂದು ಇದ್ದರೆ ಆಗುವ ಲಾಭವೇನು? ಮೂರನ್ನು ಹೇಳುತ್ತೇನೆ.

ಮೊದಲನೆಯದು ಮಕ್ಕಳಿಗೆ. ಶಾಲೆಗಳು ಮಕ್ಕಳನ್ನು ತಂದೆಯ ವರಮಾನಕ್ಕೆ ತಕ್ಕಂತೆ ಬೇರೆ ಬೇರೆ ಮಾಡಿಬಿಟ್ಟಿವೆ. ಆದರೆ ಕೋಲಾಟಕ್ಕೆ ಎದುರಾಳಿ ಬೇಕು. ಎದುರಿನ ಕೋಲು ಯಾರದೆಂದು ನೋಡುತ್ತ ನಿಂತರೆ ತಾಳ ತಪ್ಪುತ್ತದೆ. ವಿಜ್ಞಾನಿಯ ಮಗನೂ ಮನೆಗೆಲಸದವರ ಮಗಳೂ ಒಂದೇ ಲಯಕ್ಕೆ ಹೆಜ್ಜೆ ಹಾಕುವ ಎಡೆ ಇಂದು ಬೇರೆ ಎಲ್ಲಿ ಉಳಿದಿದೆ, ಹೇಳಿ.

ಎರಡನೆಯದು ಹಿರಿಯರಿಗೆ. ಹಾಸನದಿಂದಲೋ ರಾಯಚೂರಿನಿಂದಲೋ ಮಗನ ಮನೆಗೆ ಬಂದ ತಾಯಿ ನಾಲ್ಕನೆಯ ಮಹಡಿಯ ಕಿಟಕಿಯಲ್ಲಿ ಕುಳಿತಿದ್ದಾರೆ. ಅವರಿಗೆ ನೂರು ಸೋಬಾನೆ ಪದಗಳು ಬರುತ್ತವೆ, ಕೇಳುವವರಿಲ್ಲ. ಮನೆಯಲ್ಲಿ ಅವರು ಮಗುವನ್ನು ನೋಡಿಕೊಳ್ಳುವವರು ಮಾತ್ರ. ಕಲಾಮಂದಿರದಲ್ಲಿ ಅವರನ್ನು ಒಂದು ಜಮಖಾನೆಯ ಮೇಲೆ ಕೂರಿಸಿ, "ಅಮ್ಮಾ, ನಮಗೂ ಕಲಿಸಿ" ಎಂದು ಹತ್ತು ಜನ ಕೇಳಿದರೆ, ಅವರು ಗುರು. ಆ ಪದಗಳೂ ಅವರ ಜೊತೆಗೇ ಮುಗಿದುಹೋಗದೆ ಉಳಿಯುತ್ತವೆ.

ಮೂರನೆಯದು ಕನ್ನಡಕ್ಕೆ. ತಮಿಳು, ತೆಲುಗು, ಮಲಯಾಳ, ಉರ್ದು, ಹಿಂದಿ, ಬಂಗಾಳಿ ಇವೆಲ್ಲ ಈ ಬೀದಿಗಳ ಭಾಷೆಗಳೇ. ಹೊರಗಿನಿಂದ ಬಂದವರು ಕನ್ನಡ ಕಲಿಯುವುದಿಲ್ಲವೆಂದು ನಾವು ದೂರುತ್ತೇವೆ. ಅವರು ಕಲಿಯಬೇಕೆಂಬುದು ನ್ಯಾಯವೇ. ಆದರೆ ಕಲಿಯುವುದಕ್ಕೆ ಒಂದು ಸವಿಯಾದ ಕಾರಣವನ್ನು ನಾವು ಕೊಟ್ಟಿದ್ದೇವೆಯೆ? ನಾಟಕದಲ್ಲಿ ನಾಲ್ಕೇ ಮಾತಿನ ಪಾತ್ರವನ್ನು ಕೊಟ್ಟು ನೋಡಿ. ಆ ನಾಲ್ಕು ಮಾತನ್ನು ಅವನು ಒಂದು ತಿಂಗಳು ಬಾಯಿಪಾಠ ಮಾಡುತ್ತಾನೆ; ಉಚ್ಚಾರ ತಿದ್ದಿಸಿಕೊಳ್ಳುತ್ತಾನೆ; ಇತರರ ಮಾತನ್ನು ಕೇಳಿ ಕೇಳಿ ಅದೂ ಅವನಿಗೆ ಬಾಯಿಗೆ ಬರುತ್ತದೆ. ಆಗ ಕನ್ನಡ ಅವನಿಗೆ ಕಟ್ಟಳೆಯಲ್ಲ, ಬಳುವಳಿ. ಕನ್ನಡ ಮನೆಯೊಡತಿಯಂತೆ ಬಾಗಿಲಲ್ಲಿ ನಿಂತು ಎಲ್ಲರನ್ನೂ ಒಳಕ್ಕೆ ಕರೆಯಬೇಕು. ಅದಕ್ಕೆ ಬಾಗಿಲುಳ್ಳ ಮನೆಯೊಂದು ಬೇಕಷ್ಟೆ.

"ಇಷ್ಟಕ್ಕೆಲ್ಲ ಹಣ ಎಲ್ಲಿದೆ? ಹಾಡು ನಾಟಕಗಳೆಲ್ಲ ಅಂಗೈಯ ಫೋನಿನಲ್ಲಿಯೇ ಸಿಗುವಾಗ ಮನೆಬಿಟ್ಟು ಬರುವವರಾರು?" ಎಂಬ ಆಕ್ಷೇಪಣೆಯನ್ನು ನಾನು ಬಲ್ಲೆ. ಎರಡನೆಯದಕ್ಕೆ ಮೊದಲು ಉತ್ತರ: ಫೋನು ನಮಗೆ ಹಾಡು ಕೇಳಿಸುತ್ತದೆ, "ನೀವೊಂದು ಹಾಡಿ" ಎಂದು ಕೇಳುವುದಿಲ್ಲ. ಬಾನುಲಿಗೂ ಈ ಮಾತು ಸಲ್ಲುತ್ತದೆಂದು ಒಪ್ಪಿಕೊಳ್ಳೋಣ. ಇನ್ನು ಹಣದ ಮಾತು. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಬಾನುಲಿಯನ್ನು ಆರಂಭಿಸಿದ್ದು ತಮ್ಮ ಮನೆಯಲ್ಲಿಯೇ. ಇಂಥ ಕೆಲಸಗಳು ದೊಡ್ಡ ಕಟ್ಟಡಕ್ಕಾಗಿ ಕಾಯುವುದಿಲ್ಲ. ನಮ್ಮ ಬಡಾವಣೆಗಳಲ್ಲಿ ಸಾರ್ವಜನಿಕರ ಹಣದಿಂದ ಕಟ್ಟಿದ ಸಮುದಾಯ ಭವನಗಳು ಎಷ್ಟೋ ಇವೆ. ಮದುವೆಯ ದಿನ ಅವು ಬೆಳಗುತ್ತವೆ. ಮಿಕ್ಕ ದಿನ ಬೀಗ. ವಾರಕ್ಕೆ ಎರಡು ಸಂಜೆ ಆ ಬೀಗ ತೆಗೆದರೆ ಸಾಕು. ಒಂದು ಜಮಖಾನೆ, ಒಂದು ಹಾರ್ಮೋನಿಯಂ, ಕುಡಿಯುವ ನೀರು, ಹೆಂಗಸರಿಗೆ ಶುಚಿಯಾದ ಶೌಚಾಲಯ, ಬೀಗದಕೈಯನ್ನು ನಂಬಿಕೆಯಿಂದ ಇಟ್ಟುಕೊಂಡು ಹೊತ್ತಿಗೆ ಸರಿಯಾಗಿ ಬಾಗಿಲು ತೆರೆಯುವ ಒಬ್ಬರು - ಆರಂಭಕ್ಕೆ ಬೇಕಾದದ್ದು ಇಷ್ಟೇ. ಇವುಗಳಲ್ಲಿ ಕಡೆಯದೇ ಎಲ್ಲಕ್ಕಿಂತ ದುರ್ಲಭ. ಎಷ್ಟೋ ಸಂಘಗಳು ಹಣವಿಲ್ಲದೆ ಅಲ್ಲ, ಬೀಗದಕೈ ಹಿಡಿಯುವವರಿಲ್ಲದೆ ಮುಚ್ಚಿಹೋಗುತ್ತವೆ.

ಎರಡು ಎಚ್ಚರಿಕೆಗಳೂ ಬೇಕು. ಮೊದಲನೆಯದು, ಶುಲ್ಕವೆಂಬುದು ಬಡವರ ಮಕ್ಕಳನ್ನು ಹೊರಗಿಡುವ ಬೇಲಿಯಾಗಬಾರದು. ಎರಡನೆಯದು, ಸುತ್ತಣ ಮನೆಗಳಲ್ಲಿ ಓದುವ ಮಕ್ಕಳೂ ಕಾಯಿಲೆಯವರೂ ಇರುತ್ತಾರೆ. ಧ್ವನಿವರ್ಧಕದ ಅಬ್ಬರ ಬೇಡ. ನೆರೆಯವರ ನಿದ್ದೆ ಕೆಡಿಸಿ ನೆರೆಯನ್ನು ಕಟ್ಟಲಾಗುವುದಿಲ್ಲ.

ಮತ್ತೆ ಮೃದಂಗಕ್ಕೆ ಬರುತ್ತೇನೆ. ಕರಣೆ ಒಮ್ಮೆ ಹಚ್ಚಿದರೆ ಮುಗಿಯಿತೆಂದು ತಿಳಿಯಬಾರದು. ನುಡಿಸಿದಂತೆಲ್ಲ ಅದು ಬಿರಿಯುತ್ತದೆ, ಉದುರುತ್ತದೆ. ಆಗಾಗ ಕೆರೆದು ಹೊಸದಾಗಿ ಕೂಡಿಸಬೇಕು. ಕಲಾಮಂದಿರವೂ ಹಾಗೆಯೇ. ಉದ್ಘಾಟನೆಯ ದಿನ ಎಲ್ಲರೂ ಇರುತ್ತಾರೆ. ಮಳೆಯ ಮಂಗಳವಾರ ಐದು ಜನ ಬಂದಾಗಲೂ ಬಾಗಿಲು ತೆರೆದಿರಬೇಕು. ನಿಮ್ಮ ಬೀದಿಯ ಸಮುದಾಯ ಭವನದ ಬೀಗದಕೈ ಯಾರ ಹತ್ತಿರ ಇದೆಯೆಂದು ನಾಳೆ ಬೆಳಗ್ಗೆ ವಿಚಾರಿಸಿ ನೋಡಿ. ಕೆಲಸ ಅಲ್ಲಿಂದಲೇ ಮೊದಲಾಗಲಿ.