ಹಳೆಯ ಬೀಗದ ಕೈಗಳು ಮತ್ತು ಅವು ತೆರೆದ ಬೀಗಗಳು



ತಲೆಮಾರುಗಳಿಂದ ಒಂದೇ ಕುಟುಂಬ ಬಾಳಿ ಬಂದ ಮನೆಗಳ ಅಟ್ಟದ ಮೇಲೋ, ಹಳೆಯ ಪೆಟ್ಟಿಗೆಯ ತಳದಲ್ಲೋ, ಈಗಿನ ಯಾವ ಬಾಗಿಲಿಗೂ ಸೇರದ ಬೀಗದ ಕೈಗಳ ಗೊಂಚಲೊಂದು ಬಿದ್ದಿರುವುದುಂಟು. ಅದನ್ನು ಹಳೆಯ ಕಬ್ಬಿಣದವನಿಗೆ ತೂಕಕ್ಕೆ ಹಾಕುವವರೇ ಹೆಚ್ಚು. ಆದರೆ ಬೀಗವು ತನ್ನ ಒಡಲೊಳಗೆ ಯಾವ ಯಾವ ಅಡ್ಡಿಗಳನ್ನು ಇರಿಸಿಕೊಂಡಿತ್ತೋ ಆ ಒಂದೊಂದು ಅಡ್ಡಿಗೂ ಕೈಯಲ್ಲಿ ಒಂದು ಉತ್ತರವನ್ನು ಕೊರೆದಿರಲೇಬೇಕಾದುದರಿಂದ, ಬೀಗವೇ ನಾಶವಾಗಿ ಹೋದರೂ ಅದರ ಅಂತರ್ರಚನೆಯ ವಿವರವು ಕೈಯಲ್ಲಿ ಉಳಿದಿರುತ್ತದೆ. ಆ ವಿವರವನ್ನು ಓದುವ ಕ್ರಮವನ್ನೂ, ಅದರೊಡನೆಯೇ ಬೀಗದ ಚರಿತ್ರೆಯನ್ನೂ ಇಂದು ಸಂಕ್ಷೇಪವಾಗಿ ನಿವೇದಿಸಬಯಸುತ್ತೇನೆ.

ಪ್ರಾಚೀನ ಈಜಿಪ್ಟಿನಲ್ಲಿಯೂ ಪಶ್ಚಿಮ ಏಷ್ಯಾದಲ್ಲಿಯೂ ಬಳಕೆಯಲ್ಲಿದ್ದ ಬೀಗಗಳು ಮರದವು. ಬಾಗಿಲಿಗೆ ಅಡ್ಡಲಾಗಿ ಸರಿಯುವ ಅಗುಳಿಯಲ್ಲಿ ಕೆಲವು ರಂಧ್ರಗಳು. ಅದರ ಮೇಲಣ ಗೂಡಿನಲ್ಲಿ ಸಡಿಲವಾಗಿ ನಿಂತ ಗೂಟಗಳು. ಅಗುಳಿಯನ್ನು ಸರಿಸಿದೊಡನೆಯೇ ಗೂಟಗಳು ಸ್ವಭಾರದಿಂದ ರಂಧ್ರಗಳೊಳಗೆ ಇಳಿದು ಅದನ್ನು ಕದಲದಂತೆ ಹಿಡಿಯುತ್ತಿದ್ದವು. ಇದರ ಕೈಯೆಂಬುದು, ಹಲ್ಲುಜ್ಜುವ ಬ್ರಷ್ಷಿನಂತೆ, ಒಂದು ತುದಿಯಲ್ಲಿ ಮೊಳೆಗಳನ್ನು ನೆಟ್ಟ ಮರದ ಪಟ್ಟಿ. ಅದನ್ನು ಅಗುಳಿಯ ಟೊಳ್ಳಿನೊಳಕ್ಕೆ ತೂರಿಸಿ ಮೇಲೆತ್ತಿದಾಗ, ಮೊಳೆಗಳ ಸಂಖ್ಯೆಯೂ ಅಂತರವೂ ಗೂಟಗಳಿಗೆ ಸರಿಹೊಂದಿದ್ದಲ್ಲಿ, ಗೂಟಗಳೆಲ್ಲವೂ ಒಮ್ಮೆಗೇ ಮೇಲೆದ್ದು ಅಗುಳಿ ಬಿಡುಗಡೆ ಹೊಂದುತ್ತಿತ್ತು. ಮಹಾದ್ವಾರಗಳ ಕೈಗಳು ಬಹು ದೊಡ್ಡವು. ಬೈಬಲಿನ ಯೆಶಾಯನ ಗ್ರಂಥದಲ್ಲಿ ಬೀಗದ ಕೈಯನ್ನು ಒಬ್ಬನ ಹೆಗಲ ಮೇಲೆ ಇರಿಸುವ ಪ್ರಸ್ತಾಪ ಬರುವುದು ಅವುಗಳ ಗಾತ್ರವನ್ನು ಬಲ್ಲವರಿಗೆ ಸೋಜಿಗವೆನಿಸದು.

ರೋಮನರು ಮರದ ಸ್ಥಾನದಲ್ಲಿ ಲೋಹವನ್ನು ತಂದರು. ಗೂಟಗಳನ್ನು ಒತ್ತಿ ಹಿಡಿಯಲು ಭಾರದ ಬದಲು ಸ್ಪ್ರಿಂಗನ್ನು ಬಳಸಿದರು. ಹೀಗಾಗಿ ಬೀಗವು ಚಿಕ್ಕದಾಗಿ, ಒಡವೆಯ ಕರಂಡಕಕ್ಕೂ ಒಗ್ಗುವಂತಾಯಿತು. ಅವರ ಬೀಗಗಳೊಳಗಿನ ಕಬ್ಬಿಣವು ಮಣ್ಣಿನಲ್ಲಿ ತುಕ್ಕುಹಿಡಿದು ಕರಗಿಹೋದೆಡೆಗಳಲ್ಲಿಯೂ ಕಂಚಿನ ಕೈಗಳು ಉಳಿದು ಬಂದಿವೆ. ಬೆರಳಿಗೆ ತೊಡುವ ಉಂಗುರದೊಡನೆ ಏಕವಾಗಿ ಎರಕಗೊಂಡ ಪುಟ್ಟ ಕೈಯೊಂದು ದೊರೆತರೆ, ಅದು ಬಾಗಿಲಿನದಲ್ಲ, ಪೆಟ್ಟಿಗೆಯದೆಂದು ಊಹಿಸಬಹುದು.

ಕೀಲಿಯ ರಂಧ್ರದ ಸುತ್ತ ಅಲುಗದ ಲೋಹದ ತಡೆಗಳನ್ನು ನಿಲ್ಲಿಸಿ, ಅವುಗಳಿಗೆ ಸರಿಯಾಗಿ ಹಲ್ಲನ್ನು ಕೊರೆದ ಕೈ ಮಾತ್ರ ಒಳಗೆ ತಿರುಗುವಂತೆ ಮಾಡುವ ಉಪಾಯವೂ ರೋಮನರ ಕಾಲದ್ದೇ. ಇದನ್ನೇ ಮಧ್ಯಯುಗದ ಯೂರೋಪಿನ ಕುಶಲಕರ್ಮಿಗಳು ಶತಮಾನಗಳ ಕಾಲ ಬೆಳೆಸಿದರು. ನಮಗೆ ಹಳೆಯ ಕೈ ಎಂದೊಡನೆ ಕಣ್ಣ ಮುಂದೆ ಬರುವ ರೂಪ, ಅಂದರೆ ಬಳೆಯಾಕಾರದ ಹಿಡಿ, ದುಂಡನೆಯ ಕಾಂಡ, ತುದಿಯ ಚಪ್ಪಟೆ ಹಲ್ಲು, ಬಹುಮಟ್ಟಿಗೆ ಈ ಬೀಗಗಳಿಂದ ಬಂದದ್ದು. ಹಿಡಿಯ ಮೇಲೆ ಎಷ್ಟೇ ಕುಸುರಿ ಕೆಲಸವಿರಲಿ, ಹಲ್ಲಿನಲ್ಲಿ ಎಷ್ಟೇ ಜಟಿಲವಾದ ಕೊರೆತಗಳಿರಲಿ, ಅಗುಳಿಯನ್ನು ತಳ್ಳುವುದು ಹಲ್ಲಿನ ತುದಿ ಮಾತ್ರ. ಆದಕಾರಣ ಉಳಿದ ಭಾಗವನ್ನು ಅರದಿಂದ ಉಜ್ಜಿ ತೆಗೆದರೆ ಒಂದೇ ಕೈ ಅನೇಕ ಬೀಗಗಳನ್ನು ತೆರೆಯಬಲ್ಲುದು. ಹಲ್ಲು ಬರಿಯ ಚೌಕಟ್ಟಾಗಿ ಉಳಿದಿರುವ ಕೈಯನ್ನು ಕಂಡರೆ, ಅದು ಹಲವು ಕೋಣೆಗಳ ಯಜಮಾನನದು ಆಗಿರಬೇಕು, ಇಲ್ಲವೇ ಕಳ್ಳನದು.

ಇಲ್ಲಿ ಎರಡು ಲಕ್ಷಣಗಳನ್ನು ಗಮನಿಸಬೇಕು. ಕಾಂಡದ ತುದಿ ಕೊಳವೆಯಂತೆ ಟೊಳ್ಳಾಗಿದ್ದರೆ, ಬೀಗದೊಳಗೆ ಒಂದು ಕಡ್ಡಿ ನೆಟ್ಟಿದ್ದು ಕೈ ಅದರ ಮೇಲೆ ಕೂರುತ್ತಿತ್ತೆಂದು ಅರ್ಥ. ಅಂತಹ ಬೀಗವನ್ನು ಒಂದೇ ಪಕ್ಕದಿಂದ ತೆರೆಯಬಹುದಾದ್ದರಿಂದ ಅದು ಸಾಮಾನ್ಯವಾಗಿ ಪೆಟ್ಟಿಗೆಯದೋ ಬೀರುವಿನದೋ ಆಗಿರುತ್ತದೆ. ಕಾಂಡ ಗಟ್ಟಿಯಾಗಿದ್ದು, ಹಲ್ಲಿನ ಕೊರೆತಗಳು ಎಡಬಲಕ್ಕೆ ಒಂದೇ ಸಮನಾಗಿದ್ದರೆ, ಒಳಗಿನಿಂದಲೂ ಹೊರಗಿನಿಂದಲೂ ತೆರೆಯುವ ಬಾಗಿಲಿನ ಕೈಯೆಂದು ತಿಳಿಯಬಹುದು.

ಮುಂದಿನ ಕ್ರಾಂತಿ ಇಂಗ್ಲೆಂಡಿನಲ್ಲಿ ನಡೆಯಿತು. 1778ರಲ್ಲಿ ರಾಬರ್ಟ್ ಬ್ಯಾರನ್ ಎಂಬಾತನು, ಬೀಗದೊಳಗಿನ ಲಿವರುಗಳನ್ನು ನಿರ್ದಿಷ್ಟ ಎತ್ತರಕ್ಕೆ, ಹೆಚ್ಚೂ ಅಲ್ಲದೆ ಕಡಮೆಯೂ ಅಲ್ಲದೆ, ಎತ್ತಿದಾಗ ಮಾತ್ರ ಅಗುಳಿ ಸರಿಯುವಂತಹ ಬೀಗಕ್ಕೆ ಪೇಟೆಂಟ್ ಪಡೆದನು. ಒಂದೊಂದು ಲಿವರಿಗೂ ಒಂದೊಂದು ಎತ್ತರ ಬೇಕಾದುದರಿಂದ ಹಲ್ಲಿನ ಅಂಚು ಮೆಟ್ಟಿಲು ಮೆಟ್ಟಿಲಾಗಿ ರೂಪುಗೊಂಡಿತು. ಪಕ್ಕದಿಂದ ಕೊರೆದ ಸೀಳು ಅಲುಗದ ತಡೆಯ ಗುರುತು. ಅಂಚಿನ ಮೆಟ್ಟಿಲು ಲಿವರಿನ ಗುರುತು. ಈ ಒಂದು ಭೇದವನ್ನು ನೆನಪಿನಲ್ಲಿಟ್ಟವನು ಅರ್ಧ ವಿದ್ಯೆಯನ್ನು ಕಲಿತಂತೆ. ಜೋಸೆಫ್ ಬ್ರಾಮಾ 1784ರಲ್ಲಿ ಬೇರೆಯೇ ದಾರಿ ಹಿಡಿದು, ತುದಿಯಲ್ಲಿ ಬೇರೆ ಬೇರೆ ಆಳದ ಸೀಳುಗಳುಳ್ಳ ಗಿಡ್ಡ ಕೊಳವೆಯಂತಹ ಕೈಯನ್ನು ನಿರ್ಮಿಸಿದನು. ತೆರೆದವರಿಗೆ 200 ಗಿನಿ ಕೊಡುವುದಾಗಿ ಘೋಷಿಸಿದ ಬೀಗವೊಂದು ಲಂಡನ್ನಿನ ಪಿಕಡಿಲಿಯ ಅವನ ಅಂಗಡಿಯ ಕಿಟಕಿಯಲ್ಲಿ ದಶಕಗಳ ಕಾಲ ಅಜೇಯವಾಗಿ ನಿಂತಿತ್ತು. 1818ರಲ್ಲಿ ಜೆರೆಮಯ ಚಬ್ ರಚಿಸಿದ ಬೀಗವು, ಅನ್ಯರ ಸಾಧನದಿಂದ ಯಾವುದಾದರೊಂದು ಲಿವರು ಅತಿಯಾಗಿ ಮೇಲೆದ್ದರೆ ಅಲ್ಲಿಯೇ ಸಿಕ್ಕಿಕೊಂಡು, ಯಾರೋ ಕೈಯಾಡಿಸಿದ್ದಾರೆಂಬ ಸುಳಿವನ್ನು ಒಡೆಯನಿಗೆ ಕೊಡುತ್ತಿತ್ತು.

1851ರ ಲಂಡನ್ ಮಹಾಪ್ರದರ್ಶನಕ್ಕೆ ಬಂದ ಅಮೆರಿಕದ ಆಲ್ಫ್ರೆಡ್ ಹಾಬ್ಸ್, ಚಬ್ಬನ ಬೀಗವನ್ನು ಸುಮಾರು 25 ನಿಮಿಷಗಳಲ್ಲಿ ತೆರೆದನು. ಬ್ರಾಮಾನ ಬೀಗದೊಡನೆ 16 ದಿನಗಳ ಅವಧಿಯಲ್ಲಿ ಒಟ್ಟು 51 ಗಂಟೆ ಸೆಣಸಿ ಅದನ್ನೂ ಗೆದ್ದನು. ಬೀಗದ ದೋಷವನ್ನು ಮುಚ್ಚಿಡುವುದಕ್ಕಿಂತ ಬಹಿರಂಗವಾಗಿ ಪರೀಕ್ಷಿಸುವುದೇ ಸುರಕ್ಷತೆಯ ಮಾರ್ಗವೆಂಬ ವಿವೇಕ ಈ ಪ್ರಸಂಗದಿಂದ ದೃಢವಾಯಿತು. ಕೆಲವೇ ವರ್ಷಗಳಲ್ಲಿ, 1861 ಮತ್ತು 1865ರ ಪೇಟೆಂಟುಗಳ ಮೂಲಕ, ಅಮೆರಿಕದ ಕಿರಿಯ ಲೈನಸ್ ಯೇಲ್ ತನ್ನ ತಂದೆ ಆರಂಭಿಸಿದ ಕಾರ್ಯವನ್ನು ಪೂರ್ಣಗೊಳಿಸಿದನು. ಇಬ್ಭಾಗವಾದ ಸಣ್ಣ ಗೂಟಗಳನ್ನು ಚಪ್ಪಟೆ ಕೈಯ ಏರಿಳಿತಗಳು ಒಂದೇ ರೇಖೆಗೆ ತಂದು ನಿಲ್ಲಿಸಿದಾಗ ಉರುಳೆ ತಿರುಗುವ ಈ ಬೀಗದಲ್ಲಿ ಈಜಿಪ್ಟಿನ ಮರದ ಬೀಗದ ತತ್ತ್ವವೇ ಮರಳಿ ಬಂದಿತು. ನಿಮ್ಮ ಜೇಬಿನಲ್ಲಿರುವ ಗರಗಸದಂಚಿನ ತೆಳುಗೈ ಆ ವಂಶದ್ದು.

ನಮ್ಮ ದೇಶದ ಪರಂಪರೆಯೂ ಅಲ್ಪವಲ್ಲ. ಕೈಯ ತುದಿಯಲ್ಲಿ ತಿರುಪಿನ ಸುರುಳಿಯುಳ್ಳ, ಸುತ್ತುತ್ತ ಒಳಹೊಗಿಸಿ ತೆರೆಯುವ ನೇತುಬೀಗಗಳು ಭಾರತದಲ್ಲಿಯೂ ಪಾರಸಿಕ ದೇಶದಲ್ಲಿಯೂ ಪ್ರಚುರವಾಗಿದ್ದವು. ಒತ್ತಿ ಹಾಕಿದಾಗ ಕವಲೊಡೆದು ಸಿಕ್ಕಿಕೊಳ್ಳುವ ಸ್ಪ್ರಿಂಗುಗಳ ಬೀಗಕ್ಕೆ, ಆ ಕವಲುಗಳನ್ನು ಅದುಮಿ ಕೂಡಿಸುವ ರಂಧ್ರವುಳ್ಳ ಪಟ್ಟಿಯೇ ಕೈ. ತಿರುಗಿಸುವುದಲ್ಲ, ತಳ್ಳುವುದು ಅದರ ಕ್ರಮ. ಅಲಿಗಢವೂ ತಮಿಳುನಾಡಿನ ದಿಂಡಿಗಲ್ಲೂ ಬೀಗದ ಕಸುಬಿಗೆ ಹೆಸರಾದ ಊರುಗಳು. ದಿಂಡಿಗಲ್ಲಿನ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಸಂದಿತು. 1897ರಲ್ಲಿ ಮುಂಬಯಿಯಲ್ಲಿ ಅರ್ದೇಶಿರ್ ಗೋದ್ರೆಜ್ ಬೀಗ ತಯಾರಿಕೆಯನ್ನು ಆರಂಭಿಸಿದ ಮೇಲೆ ಯಂತ್ರನಿರ್ಮಿತ ಸ್ವದೇಶೀ ಬೀಗಗಳು ಮನೆ ಮನೆಯನ್ನು ಸೇರಿದವು.

ಆದುದರಿಂದ ಹಳೆಯ ಗೊಂಚಲೊಂದು ಕೈಸೇರಿದಾಗ ಮೊದಲು ಕಾಂಡದ ತುದಿಯನ್ನೂ, ಅನಂತರ ಹಲ್ಲಿನ ಪಕ್ಕಗಳನ್ನೂ ಅಂಚನ್ನೂ ಪರೀಕ್ಷಿಸಿರಿ. ಅರದ ಗೀರುಗಳು ಕೈಕೆಲಸವನ್ನೂ, ಉದ್ದಕ್ಕೆ ಹರಿದ ತೆಳುವಾದ ಏಣು ಅಚ್ಚಿನ ಎರಕವನ್ನೂ ಸೂಚಿಸುತ್ತವೆ. ಹಿತ್ತಾಳೆಯೋ ಕಬ್ಬಿಣವೋ ಎಂಬುದನ್ನು ಅಯಸ್ಕಾಂತದಿಂದ ನಿರ್ಧರಿಸಬಹುದು. ಹೊಳಪಿನ ಆಸೆಗೆ ಆಮ್ಲದಿಂದ ತೊಳೆಯಬೇಡಿರಿ; ಅರ ಹಾಕಬೇಡಿರಿ; ಸೇರದ ಬೀಗದಲ್ಲಿ ಬಲವಂತವಾಗಿ ತಿರುಗಿಸಬೇಡಿರಿ. ಅಳಿಸಿಹೋಗುವ ಒಂದೊಂದು ಗೀರೂ ಸಾಕ್ಷ್ಯದ ಒಂದೊಂದು ಅಕ್ಷರ. ಕೈ ದೊರೆತ ಮನೆ, ಕೋಣೆ, ಪೆಟ್ಟಿಗೆಗಳ ಹೆಸರನ್ನು ಚೀಟಿಯಲ್ಲಿ ಬರೆದು ಅದಕ್ಕೆ ಕಟ್ಟಿಡಿರಿ. ಬೀಗ ಮಾಡಿದ ಕಮ್ಮಾರರಲ್ಲಿ ಬಹುಮಂದಿಯ ಹೆಸರು ಯಾವ ಗ್ರಂಥದಲ್ಲಿಯೂ ದಾಖಲಾಗಿಲ್ಲ. ಅವರ ಬುದ್ಧಿಗೆ ಉಳಿದಿರುವ ಪ್ರಮಾಣ ಈ ಲೋಹದ ತುಂಡುಗಳೇ ಆಗಿರುವುದರಿಂದ ಅವನ್ನು ಕಾಪಾಡುವುದು ನಮ್ಮ ಕರ್ತವ್ಯ.