ಸುಸ್ತು ಎಷ್ಟು?

(ನಮ್ಮ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ವೈದ್ಯೆಯಲ್ಲ. ಎಂ.ಟೆಕ್ ಮುಗಿಸಿ ಹೈಟೆಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವಳು. ದಿನವಿಡೀ ಅಂಕಿ, ಗ್ರಾಫ್‌ಗಳ ಜೊತೆಗೇ ಇರುವುದರಿಂದ ಯಾರಾದರೂ "ಸುಸ್ತಾಯ್ತು" ಅಂದರೆ ನನ್ನ ಬಾಯಲ್ಲಿ ಮೊದಲು ಬರುವ ಪ್ರಶ್ನೆ, "ಎಷ್ಟು?" ಮನೆಯಲ್ಲಿ ಇದಕ್ಕೆ ಬೈಸಿಕೊಂಡಿದ್ದೇನೆ. ಆದರೂ ಇವತ್ತು ಅದನ್ನೇ ನಿಮ್ಮನ್ನೂ ಕೇಳುವವಳಿದ್ದೇನೆ.

ಸುಸ್ತು ಪಾರ್ಸಿಯಿಂದ ಬಂದ ಪದ. ಕನ್ನಡದಲ್ಲಿ ಅದು ದಣಿವು. ಇಲ್ಲಿ ಹೈದರಾಬಾದಿನ ಉರ್ದುವಿನಲ್ಲಿ 'ಸುಸ್ತ್' ಅಂದರೆ ಸೋಮಾರಿ, ಜಡ. ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗೆ ಎರಡೂ ಅರ್ಥ ಗೊತ್ತು. ಮನೆಯ ಹೆಂಗಸು ಕನ್ನಡದ ಸುಸ್ತು ಹೇಳುತ್ತಾಳೆ, ಕೇಳುವವರು ಉರ್ದುವಿನ ಸುಸ್ತ್ ಕೇಳಿಸಿಕೊಳ್ಳುತ್ತಾರೆ. ಬರಬರುತ್ತಾ ಅವಳೂ ಹಾಗೇ ನಂಬಿಬಿಡುತ್ತಾಳೆ.

ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ 1960ರ ದಶಕದಲ್ಲಿ ಇದಕ್ಕೊಂದು ಅಳತೆಪಟ್ಟಿ ಮಾಡಿದರು. ಅದು 6ರಿಂದ ಶುರುವಾಗಿ 20ಕ್ಕೆ ಮುಗಿಯುತ್ತದೆ. 6 ಅಂದರೆ ಸುಮ್ಮನೆ ಕೂತಿರುವುದು, 11 ಹಗುರ, 13 ಸ್ವಲ್ಪ ಕಷ್ಟ, 15 ಕಷ್ಟ, 17 ತುಂಬಾ ಕಷ್ಟ, 20 ಅಂದರೆ ಇನ್ನು ಒಂದು ಹೆಜ್ಜೆಯೂ ಆಗದು. ಒಂದರಿಂದ ಶುರು ಮಾಡದೆ 6ರಿಂದ ಯಾಕೆ? ಆರೋಗ್ಯವಂತ ಯುವಜನರಲ್ಲಿ ಆ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಸರಿಸುಮಾರು ಎದೆಬಡಿತ ಸಿಗುತ್ತದೆ. 13 ಅಂದರೆ ನಿಮಿಷಕ್ಕೆ 130ರ ಆಸುಪಾಸು. ವಯಸ್ಸಾದಂತೆ ಈ ಲೆಕ್ಕ ಸರಿಯುತ್ತದೆ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಗುಳಿಗೆ ನುಂಗುವವರಲ್ಲಂತೂ ಬಡಿತ ಏರುವುದೇ ಕಡಿಮೆ. ಅವರು ಕೈಗಡಿಯಾರದ ಅಂಕಿಗಿಂತ ತಮ್ಮ ಅಂಕಿಯನ್ನೇ ನಂಬುವುದು ಒಳ್ಳೆಯದು.

ಗೋಲ್ಕೊಂಡ ಎಲ್ಲರೂ ಹತ್ತಿದ್ದೀರಿ, ಸುಮಾರು 360 ಮೆಟ್ಟಿಲು. ಹತ್ತುವಾಗ ತೊಡೆಯ ಸ್ನಾಯುಗಳು ಆಮ್ಲಜನಕ ಬೇಡುತ್ತವೆ, ಹೃದಯ ಜೋರಾಗುತ್ತದೆ, ಉಸಿರು ಏರುತ್ತದೆ. ಇದನ್ನೆಲ್ಲ ಕೂಡಿಸಿ ಮೆದುಳು ನಮಗೆ ಒಂದೇ ಮಾತಿನಲ್ಲಿ ಹೇಳುತ್ತದೆ: ಕಷ್ಟ. ಜನವರಿಯಲ್ಲಿ ಅದು 13 ಅನಿಸಿದರೆ, 40 ಡಿಗ್ರಿ ದಾಟುವ ಮೇ ತಿಂಗಳಲ್ಲಿ ಅದೇ ಮೆಟ್ಟಿಲು, ಅದೇ ವೇಗ 16 ಅನಿಸಬಹುದು. ದೇಹ ತಂಪಾಗಲು ರಕ್ತದ ಒಂದು ಪಾಲು ಚರ್ಮಕ್ಕೆ ಹೋಗಬೇಕು, ಬೆವರಿನಲ್ಲಿ ನೀರೂ ಹೋಗುತ್ತದೆ. ಉಳಿದ ರಕ್ತದಲ್ಲೇ ಅದೇ ಕೆಲಸ ಮಾಡಲು ಹೃದಯ ಹೆಚ್ಚು ಬಾರಿ ಬಡಿಯಬೇಕು. ಆದ್ದರಿಂದ ಬೇಸಿಗೆಯಲ್ಲಿ ಕೆಬಿಆರ್ ಪಾರ್ಕಿನ ಸುತ್ತು ನಿಧಾನವಾಯಿತೆಂದು ಬೇಸರ ಬೇಡ.

(ಎರಡನೇ ದಿನ ಕಾಲು ನೋಯುವುದು ಲ್ಯಾಕ್ಟಿಕ್ ಆಮ್ಲದಿಂದ ಅಂತಾರಲ್ಲ, ಅಲ್ಲ. ಅದು ಗಂಟೆಯೊಳಗೇ ತಗ್ಗಿಹೋಗುತ್ತದೆ. ನೋವು ಹೆಚ್ಚಾಗಿ ಇಳಿಯುವಾಗಿನದು. ಮೈಭಾರ ತಡೆದು ಇಳಿಯುವಾಗ ಸ್ನಾಯುವಿನ ಎಳೆಗಳಿಗೆ ಆಗುವ ಸಣ್ಣ ಪೆಟ್ಟು ಅದು.)

ನನಗೆ ಹೆಚ್ಚು ತಾಗಿದ್ದು ಬೇರೊಂದು ವಿಷಯ. 2009ರಲ್ಲಿ ಸ್ಯಾಮ್ಯುಯೆಲೆ ಮಾರ್ಕೊರಾ ಮತ್ತು ಸಂಗಡಿಗರು 16 ಜನರನ್ನು ಸೈಕಲ್ ತುಳಿಸಿದರು. ಒಮ್ಮೆ ಅದಕ್ಕೆ ಮುಂಚೆ 90 ನಿಮಿಷ ಕಂಪ್ಯೂಟರ್ ಮುಂದೆ ಗಮನ ಬೇಡುವ ಕೆಲಸ, ಇನ್ನೊಮ್ಮೆ 90 ನಿಮಿಷ ಸಾಕ್ಷ್ಯಚಿತ್ರ. ಚಿತ್ರ ನೋಡಿದ ದಿನ ಸರಾಸರಿ 754 ಸೆಕೆಂಡು ತುಳಿದವರು ತಲೆ ದಣಿದ ದಿನ 640ಕ್ಕೇ ನಿಲ್ಲಿಸಿದರು. ಹೃದಯ, ಸ್ನಾಯುಗಳ ಅಳತೆಯಲ್ಲಿ ಇದಕ್ಕೆ ಕಾರಣ ಸಿಗಲಿಲ್ಲ. ಏರಿದ್ದು 'ಕಷ್ಟ'ದ ಅಂಕಿ ಮಾತ್ರ. ಬರೀ 90 ನಿಮಿಷ! ನಮ್ಮದು ಒಂಬತ್ತು ಗಂಟೆ, ಆಮೇಲೆ ಮಗುವಿನ ಹೋಂವರ್ಕ್, ನಾಳೆಯ ತಿಂಡಿಗೆ ಏನು ಎಂಬ ಚಿಂತೆ. ಕೂತೇ ಇದ್ದೆ, ಆದರೂ ಮೆಟ್ಟಿಲು ಹತ್ತಲಾಗುತ್ತಿಲ್ಲ ಎಂದರೆ ಅದು ನಾಟಕವಲ್ಲ. ಹಾಗೆಯೇ, ಕಾಲಿನ ಬಲ ಹೋಗಿದೆ ಎಂದೂ ಅಲ್ಲ. ಅಂಥ ಸಂಜೆ ನಾನು ನಡೆಯಲು ಹೋಗುತ್ತೇನೆ, 11ಕ್ಕಿಂತ ಮೇಲೆ ಹೋಗದ ವೇಗದಲ್ಲಿ.

ಇನ್ನೊಂದು ಸುಸ್ತಿದೆ, ಅದನ್ನು ನಡೆದು ಕಳೆಯಲಾಗದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ 57% ರಕ್ತಹೀನರು. ತೆಲಂಗಾಣದ್ದೂ ಹೆಚ್ಚುಕಡಿಮೆ ಅಷ್ಟೇ. ಈ ಸಭಾಂಗಣದ ಒಂದು ಸಾಲಿನಲ್ಲಿ ಹತ್ತು ಜನ ಕೂತಿದ್ದೀರಿ, ಲೆಕ್ಕ ನೀವೇ ಹಾಕಿ. ಹಿಮೋಗ್ಲೋಬಿನ್ ಕಡಿಮೆಯಾದರೆ ಪ್ರತಿ ಬಡಿತದಲ್ಲೂ ಸಾಗುವ ಆಮ್ಲಜನಕ ಕಡಿಮೆ, ಹೃದಯ ಹೆಚ್ಚು ದುಡಿಯುತ್ತದೆ. ಇದು ತಿಂಗಳುಗಟ್ಟಲೆ ಮೆಲ್ಲಗೆ ಬರುವುದರಿಂದ ನಾವು ಒಗ್ಗಿಹೋಗುತ್ತೇವೆ. "ವಯಸ್ಸಾಯ್ತಲ್ಲ" ಅನ್ನುತ್ತೇವೆ, ಮೂವತ್ತೈದಕ್ಕೇ!

ಅಂಕಿ ಉಪಯೋಗಕ್ಕೆ ಬರುವುದು ಇಲ್ಲಿ. ನಿಮ್ಮದೇ ಅಪಾರ್ಟ್‌ಮೆಂಟಿನ ಎರಡು ಮಹಡಿ ಆರಿಸಿಕೊಳ್ಳಿ. ವಾರಕ್ಕೊಮ್ಮೆ, ಬೆಳಿಗ್ಗೆ, ಅದೇ ವೇಗದಲ್ಲಿ ಹತ್ತಿ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಅಂಕಿ ಬರೆಯಿರಿ. ಒಂದು ದಿನ ಏರಿದರೆ ನಿದ್ದೆಯೋ ಬಿಸಿಲೋ ಕಾರಣವಿರಬಹುದು. ಮೂರು ನಾಲ್ಕು ವಾರ 11 ಇದ್ದದ್ದು 14ರಲ್ಲೇ ನಿಂತರೆ ರಕ್ತಪರೀಕ್ಷೆ ಮಾಡಿಸಿ. ಗರ್ಭಿಣಿಯರಲ್ಲದ ಹೆಂಗಸರಲ್ಲಿ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಥೈರಾಯ್ಡ್ ಕೂಡ ನೋಡಬೇಕೇ ಎಂದು ಡಾಕ್ಟರನ್ನು ಕೇಳಿ. "ಸುಸ್ತು ಡಾಕ್ಟ್ರೇ" ಅಂದರೆ ಒಂದು ಟಾನಿಕ್ ಬರೆದು ಕಳಿಸಬಹುದು. "ಇದೇ ಮೆಟ್ಟಿಲು ಜೂನಿನಲ್ಲಿ 11, ಈಗ 14" ಅಂದರೆ ತಲೆಯೆತ್ತಿ ನೋಡುತ್ತಾರೆ. ಊಟದ ಜೊತೆಗೇ ಚಹಾ ಕುಡಿಯುವವರು ಅದನ್ನು ಸ್ವಲ್ಪ ಮುಂದಕ್ಕೆ ಹಾಕಿ, ಅದು ಕಬ್ಬಿಣಾಂಶ ಹೀರಿಕೊಳ್ಳುವುದನ್ನು ತಡೆಯುತ್ತದೆ. ಹೈದರಾಬಾದಿನಲ್ಲಿದ್ದುಕೊಂಡು ಚಹಾ ಬಿಡಿ ಅನ್ನುವ ಧೈರ್ಯ ನನಗಿಲ್ಲ.

ಎದೆ ಬಿಗಿತ, ದವಡೆಗೋ ತೋಳಿಗೋ ಹರಿಯುವ ನೋವು, ತಣ್ಣನೆ ಬೆವರು ಬಂದರೆ ಮಾತ್ರ ಅಂಕಿ ಬರೆಯುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ.

ಈಗ ಊಟ ಮೇಲಿನ ಮಹಡಿಯಲ್ಲಿದೆ. ಆಗುವವರು ಮೆಟ್ಟಿಲಲ್ಲಿ ಬನ್ನಿ, ತಟ್ಟೆ ತೆಗೆದುಕೊಳ್ಳುವಾಗ ನಿಮ್ಮ ಅಂಕಿ ಹೇಳಿ, ನಾನು ಬರೆದುಕೊಳ್ಳುತ್ತೇನೆ. ಲಿಫ್ಟಿನಲ್ಲಿ ಬಂದವರಿಗೆಲ್ಲ 6.